ಗಣತಿಗೆ ಸಿಗದ ಅಣ್ಣು

೧೯೮೧ರ ಜನಗಣತಿ ಮುಗಿದ ವಾರ, ಉಡುಪಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಒಬ್ಬ ಅಕ್ಕ ಮತ್ತು ತಮ್ಮ ನಿಂತಿದ್ದರು.

“ನನ್ನ ಹೆಸರು ಬರೆಸಿದ್ದಿ ಅಲ್ವಾ, ಅಕ್ಕ?”

“ಇಲ್ಲ ಅಣ್ಣು. ನೀನು ಕಾರ್ಕಳದಲ್ಲಿ ಹೆಂಡತಿ ಮನೆಯಲ್ಲಿ ಇರುವುದಲ್ವಾ?”

“ಅಲ್ಲಿಯೂ ಬರೆಸಲಿಲ್ಲ. ನಾನು ಕಾಪುವಿನ ತಾಯಿಮನೆಯ ಲೆಕ್ಕಕ್ಕೆ ಸೇರುವವ ಅಂತ ಹೇಳಿದಳಂತೆ.”

“ಯಾರು, ನಿನ್ನ ಹೆಂಡತಿ ಚಂಪಾ?”

“ಅವಳೇ.”

“ಜಗಳ ಉಂಟಾ?”

“ಜಗಳ ಇಲ್ಲ. ಮಾತೇ ಇಲ್ಲ.”

“ಹಾಗಾದರೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಒಂದು ಜನ ಕಡಿಮೆ ಮಾರಾಯ.”

“ಒಬ್ಬ ಕಡಿಮೆಯಾದರೆ ಜಿಲ್ಲೆಗೆ ಎಂತ ಆಗ್ತದೆ?”

“ಜಿಲ್ಲೆಗೆ ಎಂತದೂ ಇಲ್ಲ. ನನಗೆ ಉಂಟು.”

ಕಾಪುವಿನ ಬಸ್ಸು ಬಂತು. ತಮ್ಮ ಹಿಂದೆ ಸರಿದು ನಿಂತ. ಅಕ್ಕ ಅವನ ಕೈಯ ಚೀಲವನ್ನು ತೆಗೆದುಕೊಂಡು ಮೆಟ್ಟಿಲು ಹತ್ತಿದಳು. ಎಷ್ಟು ಜನ ಎಂದು ಕಂಡಕ್ಟರ್ ಕೇಳಿದ.

“ಇಬ್ಬರು,” ಎಂದಳು.

ಅವನೂ ಹತ್ತಿದ.