ಕಾಪರ್-ಟಿಗೆ ಹೊತ್ತು ತಂದ ಗಾದಿ

ಕಾಲು ಇದ್ದಷ್ಟು ಹಾಸಿಗೆ ಹೊರು ಎಂಬ ಗಾದೆಯೇ ಇದೆ. ಇಲ್ಲದಿದ್ದರೆ ಇನ್ನು ಮುಂದೆ ಇರಲಿ, ಯಾಕೆಂದರೆ ಇದು ನಡೆದದ್ದೇ. ಶಹಾಪುರದ ದವಾಖಾನೆಯಲ್ಲಿ ಕಾಪರ್-ಟಿ ಹಾಕಿಸಿಕೊಳ್ಳಲು ಅಂಜುತ್ತ ಕೂತಿದ್ದ ಗುಲ್ನಾಜಳ ಪಕ್ಕಕ್ಕೆ, ಅದೇ ಕೆಲಸಕ್ಕೆ ಗೋಗಿಯ ಪರಿಮಳಾ ಬಂದು ಕೂತಳು. ಬಾಣಂತಿಯ ಹಾಗೆ ತಲೆಗೆ ಬಟ್ಟೆ, ಕಿವಿಗೆ ಅರಳೆ, ಬಗಲಲ್ಲಿ ಸುತ್ತಿದ ಗಾದಿ. ಜೊತೆಗೆ ಹಿರಿಯ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ದೇವಕಮ್ಮ. ಕೂತವಳೇ ಪರಿಮಳಾ ಅವಳನ್ನು ಕೇಳತೊಡಗಿದಳು.

“ಅಕ್ಕಾ, ಅದು ಎದಿಗಿ ಏರತದಂತ. ಅತ್ತಿ ಅಂದಾರ.”

“ರಸ್ತಾ ಇಲ್ಲ, ಬಸ್ಸಿಲ್ಲ, ಹೆಂಗ ಏರತದ? ಅತ್ತಿ ತಲಿಗಿ ಬುದ್ಧಿನ ಏರಿಲ್ಲ.”

“ಗಂಡಗ ಚುಚ್ಚತದಂತ?”

“ದಾರ ಚುಚ್ಚಿದ್ರ ಸಿಸ್ಟರ್ ಕತ್ತರಸ್ತಾರ. ನಿನ್ನ ಗಂಡನ ನಾಲಿಗಿ ಚುಚ್ಚತದಲ್ಲ, ಅದನ್ನ ಯಾರ ಕತ್ತರಸ್ಬೇಕು?”

“ನೋವು?”

“ಹಾಕುವಾಗ ಮುಟ್ಟಿನ ಹೊಟ್ಟಿನೋವಿನಂಗ ಹಿಂಡತದ. ಮೊದಮೊದಲ ಕೆಲವು ತಿಂಗಳ ಮುಟ್ಟು ಜಾಸ್ತಿ ಹೋಗತದ. ಜ್ವರ ಬಂದ್ರ, ಹೊಟ್ಟಿ ಭಾಳ ನೊಂದ್ರ ಓಡಿ ಬಾ. ಮತ್ತೊಂದು ಕೂಸು ಬೇಕಂದಾಗ ತಗಸು. ಮುಗೀತು.”

“ಮತ್ತ ಒಂದು ವಾರ ಮಲಗಬೇಕು ಅಂತ ಮನ್ಯಾಗ ಹೇಳಿದ್ದಿ?”

“ಚಾ ಆರೋದ್ರಾಗ ಎದ್ದು ಮನಿಗಿ ಹೋಗ್ತಿ.”

“ಹಂಗಾರ ಈ ಗಾದಿ ಯಾಕ ಹೊರಸಿದಿ? ಆಟೋದಾಗ ಮಂದಿಯೆಲ್ಲಾ ನಕ್ಕರು!”

“ಗಾದಿ ಕಂಡ್ರನ ಅತ್ತಿ ನಂಬತಾಳ. ಒಂದು ವಾರ ಹತ್ತಿ ಬಿಡಸಾಕ ಕರಿಯಂಗಿಲ್ಲ, ನಿನಗ ಕುಂತಲ್ಲೇ ರೊಟ್ಟಿ. ಹುಚ್ಚಿ, ನನ್ನ ಸರ್ತಿನೂ ಹಿಂಗ ನಂಬಿದ್ಳು.”

ಗುಲ್ನಾಜ್ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡಳು. ಎದುರಿನ ಬೆಂಚಿನವರು ಮುಚ್ಚಿಕೊಳ್ಳಲಿಲ್ಲ. ಅಷ್ಟರಲ್ಲಿ ಸಿಸ್ಟರ್ ಪರಿಮಳಾಳ ಹೆಸರು ಕೂಗಿದರು. ಪರಿಮಳಾ ತಲೆಯ ಬಟ್ಟೆ ಬಿಚ್ಚಿ ನೆಗೆಣ್ಣಿಯ ಮುಖಕ್ಕೆ ಎಸೆದು, ಎಲ್ಲರಿಗಿಂತ ಜೋರಾಗಿ ನಗುತ್ತ ಒಳಗೆ ಹೋದಳು.