ಉಲ್ಟಾ ಕೂತ ಗೈರೋ

ಇವತ್ತಿನ ದೃಷ್ಟಾಂತದಲ್ಲಿ ರಾಜನಿಲ್ಲ, ಆನೆಯಿಲ್ಲ, ಕಾಡಿಗೆ ಹೋಗಿ ತಪಸ್ಸು ಮಾಡುವವರು ಯಾರೂ ಇಲ್ಲ. ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ, ಅವನ ಹತ್ತಿರ ಒಂದು ಜೆಟ್ ವಿಮಾನ ಇತ್ತು. ಹತ್ತಿ ಕೂರುವ ವಿಮಾನ ಅಲ್ಲ, ಮುಂದಿನ ಸಾಲಿನ ಷಡಕ್ಷರಪ್ಪನವರೇ, ಅಷ್ಟು ಕಣ್ಣರಳಿಸಬೇಡಿ! ನೆಲದ ಮೇಲೆ ನಿಂತು ರಿಮೋಟ್ ಹಿಡಿದು ಹಾರಿಸುವಂಥದ್ದು. ಆದರೆ ಆಟಿಕೆ ಅಂತ ತಿಳಿಯಬೇಡಿ. ಆಳುದ್ದ ಇರುತ್ತದೆ, ಒಳಗೆ ನಿಜವಾದ ಟರ್ಬೈನ್ ಎಂಜಿನ್, ಸೀಮೆಎಣ್ಣೆ ಕುಡಿದು ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತದೆ.

ಅವನಿಗೆ ಹಾರಿಸುವುದನ್ನು ಕಲಿಸಿದವನು ಅವನ ಅಣ್ಣ. ಚಿಕ್ಕಂದಿನಲ್ಲಿ ಥರ್ಮಾಕೋಲ್ ಕೊಯ್ದು ಮೊದಲ ವಿಮಾನ ಮಾಡಿಕೊಟ್ಟವನೂ ಅವನೇ. ಅಣ್ಣ ತಮ್ಮ ಇಬ್ಬರೂ ಕೂಡಿ ಕಂಡ ಕನಸು, ಒಂದು ದಿನ ಜೆಟ್ ಹಾರಿಸಬೇಕು ಅಂತ. ಆದರೆ ಅಣ್ಣನಿಗೊಂದು ಗುಣ. ತಮ್ಮ ಏನು ಮಾಡಿದರೂ "ಸ್ವಲ್ಪ ತಡಿ" ಅನ್ನುವುದು. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇರುತ್ತಾರೆ. ಪಕ್ಕಕ್ಕೆ ತಿರುಗಿ ನೋಡಬೇಡಿ, ಅವರಿಗೆ ಗೊತ್ತಾಗಿಬಿಡುತ್ತದೆ.

ಜೆಟ್ ಕೊಳ್ಳುವಾಗಲೇ ಶುರುವಾಯಿತು. ಅಣ್ಣ ಹೇಳಿದ, "ಮೊದಲನೇ ಜೆಟ್ಟು ಕಣೋ. ರೆಕ್ಕೆ ಅಗಲ ಇರೋದು ತಗೋ, ನಿಧಾನಕ್ಕೆ ಇಳಿಯತ್ತೆ." ಶ್ರೀಮಂತನ ಸುತ್ತ ನಾಲ್ಕು ಜನ ಹೌದಪ್ಪಗಳು ಇದ್ದರು. ಶ್ರೀಮಂತರು ಅಂದಮೇಲೆ ಇರಲೇಬೇಕಲ್ಲ! ಅವರು ಅಂದರು, "ನಿಮ್ಮ ಗತ್ತಿಗೆ ಫೈಟರೇ ಸರಿ ಸಾರ್." ಬಂತು ಫೈಟರ್, ಚಾಕುವಿನಂಥ ರೆಕ್ಕೆಯದ್ದು.

ಆಮೇಲೆ ಅದಕ್ಕೊಂದು ಗೈರೋ ಬಂತು. ಗೈರೋ ಅಂದರೇನು? ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ. ವಿಮಾನದ ಹೊಟ್ಟೆಯೊಳಗೆ ಕೂತಿರುತ್ತದೆ. ಗಾಳಿ ಹೊಡೆದು ವಿಮಾನ ಬಲಕ್ಕೆ ವಾಲಿತು ಅನ್ನಿ, ನಮ್ಮ ಕೈ ಓಡುವ ಮೊದಲೇ ಅದು ಎಡಕ್ಕೆ ಎಳೆದು ನೆಟ್ಟಗೆ ನಿಲ್ಲಿಸುತ್ತದೆ. ಎಂಥಾ ಸೇವೆ ನೋಡಿ! ಆದರೆ ಕೂರಿಸುವಾಗ ಅದಕ್ಕೆ ದಿಕ್ಕು ಸರಿಯಾಗಿ ಹೇಳಿಕೊಡಬೇಕು. ನಮ್ಮ ಶ್ರೀಮಂತ ಅವಸರದಲ್ಲಿ ಉಲ್ಟಾ ಹೇಳಿಕೊಟ್ಟ. ಈಗ ಅದು ಏನು ಮಾಡುತ್ತದೆ? ಬಲಕ್ಕೆ ವಾಲಿದರೆ "ಸರಿ ಬುದ್ಧೀ" ಅಂತ ಇನ್ನಷ್ಟು ಬಲಕ್ಕೇ ತಳ್ಳುತ್ತದೆ.

ಇದನ್ನು ಕಂಡುಹಿಡಿಯುವುದು ಬಹಳ ಸುಲಭ. ಹಾರಿಸುವ ಮೊದಲು ವಿಮಾನವನ್ನು ಕೈಯಲ್ಲಿ ಹಿಡಿದು ಬಲಕ್ಕೆ ವಾಲಿಸಬೇಕು. ಬಲರೆಕ್ಕೆಯ ಅಂಚಿನ ಪಟ್ಟಿ ಕೆಳಗೆ ಬಗ್ಗಿದರೆ ಸರಿ, ಬಿದ್ದ ರೆಕ್ಕೆಯನ್ನು ಅದು ಎತ್ತುತ್ತದೆ. ಮೇಲಕ್ಕೆ ಎದ್ದರೆ ಕೆಟ್ಟಿತು. ಅಣ್ಣ ಕಲಿಸಿದ್ದು ಅದನ್ನೇ, ಥರ್ಮಾಕೋಲಿನ ಕಾಲದಿಂದಲೂ ಅವನದ್ದು ಒಂದೇ ಮಂತ್ರ: "ವಾಲಿಸಿ ನೋಡದೆ ಹಾರಿಸಬೇಡ."

ಜೆಟ್ ಹಾರಿಸುವ ಹಿಂದಿನ ದಿನವೂ ಅದನ್ನೇ ಹೇಳಿದ. ತಮ್ಮನಿಗೆ ರೇಗಿಹೋಯಿತು. "ಯಾವಾಗ ನೋಡಿದ್ರೂ ಮೊಸರಲ್ಲಿ ಕಲ್ಲು ಹುಡುಕ್ತೀಯ! ನಾಳೆ ನೀನು ಮೈದಾನಕ್ಕೆ ಬರಲೇಬೇಡ" ಅಂದುಬಿಟ್ಟ. ಕೂಡಿ ಕಂಡ ಕನಸು, ಅಣ್ಣನಿಗೇ ಬರಬೇಡ ಅಂದ!

ಅಣ್ಣ ಬಂದ. ದೂರದಲ್ಲಿ, ಬೇಲಿಯ ಆಚೆ ನಿಂತ.

ತಮ್ಮ ವಾಲಿಸಿ ನೋಡದೆಯೇ ಜೆಟ್ ಎಬ್ಬಿಸಿದ. ಮೈದಾನದ ಪಕ್ಕದ ಕೆರೆಯ ಕಡೆಯಿಂದ ಗಾಳಿ ಬೀಸಿತು, ವಿಮಾನ ಬಲಕ್ಕೆ ವಾಲಿತು. ಗೈರೋ ಇನ್ನಷ್ಟು ಬಲಕ್ಕೆ ತಳ್ಳಿತು. ವಿಮಾನ ಗಿರಗಿರ ಗಿರಗಿರ ಸುತ್ತತೊಡಗಿತು. ಹೌದಪ್ಪಗಳು ಚಪ್ಪಾಳೆ ಹೊಡೆದರು! "ಆಹಾ, ಏನ್ ಪಲ್ಟಿ ಸಾರ್! ಇನ್ನೊಂದು ಹೊಡೀರಿ!" ಬೇಲಿಯ ಆಚೆಯಿಂದ ಅಣ್ಣ ಕೂಗಿದ, "ಗೈರೋ ಆರಿಸೋ! ಸ್ವಿಚ್ ಆರಿಸೋ!" ರಿಮೋಟಿನ ಮೇಲಿನ ಆ ಸ್ವಿಚ್ ತಮ್ಮನ ಬೆರಳ ಹತ್ತಿರವೇ ಇತ್ತು. ಮಾತೂ ಕೇಳಿಸಿತು. ಆದರೆ ಅವನಿಗೆ ಅನ್ನಿಸಿದ್ದೇನು? "ಅಯ್ಯೋ, ಇಲ್ಲೂ ಇವನ ಕಾಟ ತಪ್ಪಲಿಲ್ಲವಲ್ಲ!" ಅಷ್ಟರಲ್ಲಿ ಜೆಟ್ ಕೆರೆಯಲ್ಲಿತ್ತು.

ಹೌದಪ್ಪಗಳಿಗೆಲ್ಲ ಒಟ್ಟಿಗೇ ಎಲ್ಲಿಂದಲೋ ಫೋನ್ ಬಂತು. ಒಬ್ಬೊಬ್ಬರೇ ಜಾರಿಕೊಂಡರು. ಶ್ರೀಮಂತ ರಿಮೋಟ್ ಹಿಡಿದು ದಡದಲ್ಲಿ ಒಬ್ಬನೇ ನಿಂತ. ನೋಡುತ್ತಾನೆ, ಅಣ್ಣ ಪಂಚೆ ಎತ್ತಿಕಟ್ಟಿ ಸೊಂಟಮಟ್ಟದ ಕೆಸರುನೀರಿನಲ್ಲಿ ನಡೆಯುತ್ತಿದ್ದಾನೆ, ಮುರಿದ ಜೆಟ್ಟನ್ನು ಎಳೆದು ತರಲು. ತಮ್ಮನಿಗೆ ಅಳು ಬಂತು. "ಅಣ್ಣಾ, ಬೈಯಲ್ವಾ?" ಅಂದ.

"ಬೈಯೋದೆಲ್ಲ ವಿಮಾನ ನೆಲದ ಮೇಲಿದ್ದಾಗ ಕಣೋ. ಈಗ ಬಂದು ಈ ರೆಕ್ಕೆ ಹಿಡ್ಕೋ."

ನಗುತ್ತಿದ್ದೀರಿ. ಜೆಟ್ ನಮ್ಮ ಮನೆಯಲ್ಲಿಲ್ಲ, ಈ ಕಥೆ ನಮಗಲ್ಲ ಅಂತ! ಗೈರೋ ಇಲ್ಲವೇ ನಿಮಗೆ? ನೀವು ಸಿಟ್ಟಿನ ಕಡೆಗೆ ವಾಲಿದಾಗ "ಬಿಡಿ ಅತ್ಲಾಗೆ" ಅನ್ನುವ ಹೆಂಡತಿ ಯಾರು? "ಹೊಡೀರಿ ಸಾರ್, ನಾವಿದ್ದೀವಿ" ಅನ್ನುವ ಸ್ನೇಹಿತ ಯಾರು? ಇಬ್ಬರಲ್ಲಿ ಯಾರನ್ನು ಹತ್ತಿರ ಕೂರಿಸಿಕೊಂಡಿದ್ದೀರಿ? ವಾಲಿಸಿ ನೋಡಿ. ಇವತ್ತು ಊಟಕ್ಕೆ ಕೂತಾಗ ಮನೆಯವರು ಏನಾದರೂ ತಿದ್ದಿದರೆ, "ನಿಂಗೇನು ಗೊತ್ತು" ಅನ್ನುವ ಮೊದಲು ಒಂದು ತುತ್ತು ನುಂಗಿ. ಸಾಕು, ಅಷ್ಟೇ ಸಾಧನೆ. ಮತ್ತೆ ಯಾರಿಗಾದರೂ "ಬರಬೇಡ" ಅಂದಿದ್ದರೆ ಹೋಗಿ ಕರೆದು ತನ್ನಿ. ನಾಳೆ ನಿಮಗಾಗಿ ಕೆರೆಗೆ ಇಳಿಯುವವರು ಅವರೇ.

ಷಡಕ್ಷರಪ್ಪನವರೇ, ತಲೆ ತಗ್ಗಿಸಬೇಡಿ. ನಿಮ್ಮ ಅಣ್ಣನವರು ಬಂದಿದ್ದಾರೆ, ಹಿಂದೆ ಆ ಕೊನೆಯ ಕಂಬದ ಹತ್ತಿರ ಕೂತಿದ್ದಾರೆ. ಮೂರು ವರ್ಷದಿಂದ ಅಲ್ಲೇ ಕೂರುತ್ತಿದ್ದಾರೆ. ಇವತ್ತು ಪ್ರಸಾದಕ್ಕೆ ಎದ್ದಾಗ ಅವರ ಪಕ್ಕದ ಎಲೆಗೆ ನೀವೇ ಕೂರಬೇಕು.