ಮಾಳಿಗೆಯ ಗಾಳಿ ಕಂಬ ತಿರುಗಿದ ಬಗ್ಗೆ

ಹೆಸರು: ಗೋಪಮ್ಮ, ಗಂಡ ದಿವಂಗತ ಸೂಗಪ್ಪ. ವಯಸ್ಸು: 63 ವರ್ಷ. ವಿದ್ಯಾಭ್ಯಾಸ: ಎಸ್ಸೆಸ್ಸೆಲ್ಸಿ ಪಾಸು. ಉದ್ಯೋಗ: ಮನೆಯ ಯಜಮಾನಿಕೆ. ವಾಸ: ಅಕ್ಕಿ ಗಿರಣಿಯ ಹಿಂದಿನ ಓಣಿ, ರಾಯಚೂರು ರಸ್ತೆ, ಮಾನ್ವಿ.

ಮೇಲ್ಕಂಡ ನಾನು ಯಾರೂ ಕರೆಯದೆ, ನಾನಾಗಿಯೇ ಇಂದು ಬೆಳಿಗ್ಗೆ 10-15ಕ್ಕೆ ಠಾಣೆಗೆ ಬಂದು ಹೇಳಿ ಬರೆಸುವುದು ಏನೆಂದರೆ:

ನಾನು ಮಗ ಅಮರೇಶ, ಸೊಸೆ ದಾನೇಶ್ವರಿ ಮತ್ತು ಮೊಮ್ಮಗಳೊಂದಿಗೆ ವಾಸವಾಗಿದ್ದೇನೆ. ಮಗ ದೇವದುರ್ಗದಲ್ಲಿ ಬಸ್ ಕಂಡಕ್ಟರ್ ಆಗಿದ್ದಾನೆ. ನಮ್ಮ ಮನೆಯಿಂದ ಪಶ್ಚಿಮಕ್ಕೆ ಸುಮಾರು 200 ಮೀಟರ್ ದೂರದಲ್ಲಿ ಅಕ್ಕಿ ಗಿರಣಿ ಇದೆ. ಅಲ್ಲಿ ಹೊಟ್ಟು ಸುಟ್ಟ ಕರಿ ಬೂದಿ ನಮ್ಮ ಓಣಿಯ ಮೇಲೆ ಬೀಳುತ್ತದೆ. ಒಣ ಹಾಕಿದ ಬಟ್ಟೆ, ಕುಡಿಯುವ ನೀರು, ಮಗುವಿನ ಕಣ್ಣು ಯಾವುದನ್ನೂ ಬಿಡುವುದಿಲ್ಲ. ಓಣಿಯವರೆಲ್ಲ ಸೇರಿ ಅರ್ಜಿ ಕೊಟ್ಟ ಮೇಲೆ ಪರಿಸರ ಕಚೇರಿಯವರು ಕಳೆದ ಜುಲೈನಲ್ಲಿ ನಮ್ಮ ಮಾಳಿಗೆಯ ಮೇಲೆ ಒಂದು ಕಂಬ ನಿಲ್ಲಿಸಿದರು. ಗಾಳಿ ಯಾವ ದಿಕ್ಕಿನಿಂದ ಬರುತ್ತದೆ, ಮಳೆ ಎಷ್ಟು, ಧೂಳು ಎಷ್ಟು ಎಂಬುದನ್ನು ಅದು ಅಳೆದು ತಾನೇ ರಾಯಚೂರಿಗೆ ಕಳುಹಿಸುತ್ತದೆ. ಓಣಿಯಲ್ಲಿ ಎಲ್ಲಕ್ಕಿಂತ ಎತ್ತರದ ಮಾಳಿಗೆ ನಮ್ಮದು. ನಾನು ಬಾಡಿಗೆ ಕೇಳಲಿಲ್ಲ. ಮಾಳಿಗೆ ಬಾಗಿಲಿನ ಕೀಲಿಕೈ ನನ್ನ ಸೊಂಟದಲ್ಲಿಯೇ ಇರುತ್ತದೆ.

ಕಂಬ ನೋಡಿಕೊಳ್ಳಲು ಗುತ್ತಿಗೆಯ ಮೇಲೆ ಪರ್ವೇಜ್ ಎಂಬ ಹುಡುಗ ರಾಯಚೂರಿನಿಂದ ಬರುತ್ತಾನೆ. ಸೆಪ್ಟೆಂಬರ್ 17ರಂದು ಬಂದವನು ಮಾಳಿಗೆಯ ಮೇಲೆ ಒಬ್ಬನೇ ಇದ್ದ. ಕೆಳಗಿಳಿಯುವಾಗ ಫೋನಿನಲ್ಲಿ ಮಾತನಾಡುತ್ತಿದ್ದವನು ನನ್ನನ್ನು ಕಂಡು ದನಿ ತಗ್ಗಿಸಿದ. ಚಹಾ ಕೊಟ್ಟರೆ ಬೇಡವೆಂದ. ಹೋಗುವಾಗ ಗಿರಣಿಯ ಗೇಟಿನ ಮುಂದೆ ಅವನ ಬೈಕು ನಿಂತಿದ್ದನ್ನು ನಾನೇ ಕಂಡೆನು. ಅದು ನನ್ನ ಮನಸ್ಸಿನಲ್ಲಿ ಉಳಿಯಿತು.

ಸೆಪ್ಟೆಂಬರ್ 24ರಂದು ಗಿರಣಿಯ ಮ್ಯಾನೇಜರ್ ರೇವಣಸಿದ್ದ ಪೇಢಾ ಡಬ್ಬಿ ಹಿಡಿದು ಮನೆಗೆ ಬಂದನು. ಅದಕ್ಕೆ ಮುಂಚೆ ಅವನು ನಮ್ಮ ಹೊಸ್ತಿಲು ಕಂಡವನಲ್ಲ. ಅವನ ಮಾತನ್ನು ಅವನು ಆಡಿದಂತೆಯೇ ಬರೆಸುತ್ತಿದ್ದೇನೆ.

"ಯವ್ವಾ, ಹಬ್ಬದ ಸಿಹಿ. ಮಾಳಿಗಿ ಮ್ಯಾಲಿನ ಕಂಬ ಸರ್ಕಾರದ್ದು ಅದ. ಹೆಂಗ ನಿಂತದ ಹಂಗ ಇರಲಿ. ಯಾರಿಗೂ ಮುಟ್ಟಾಕ ಬಿಡಬ್ಯಾಡ್ರಿ."

"ಹೋದ ವರ್ಷ ಬೂದಿ ಕೇಳಾಕ ಬಂದಾಗ 'ಏ ಮುದುಕಿ' ಅಂದಿದ್ದು ಇದೇ ಬಾಯಿ ಅಲ್ಲೇನು?" ಎಂದು ನಾನು ಕೇಳಿದೆನು.

"ಕೆಲಸದ ಸಿಟ್ಟದು ಯವ್ವಾ, ಹೊಟ್ಟ್ಯಾಗ ಹಾಕ್ಕೋರಿ" ಎಂದು ನಕ್ಕು ಹೋದನು. ಡಬ್ಬಿಯನ್ನು ನಾನು ಒಡೆದಿಲ್ಲ, ಮನೆಯಲ್ಲಿ ಯಾರಿಗೂ ಒಡೆಯಲು ಬಿಟ್ಟಿಲ್ಲ. ಅದು ಈಗ ತಮ್ಮ ಮೇಜಿನ ಮೇಲಿದೆ.

ಅಕ್ಟೋಬರ್ 6ರಂದು ಪುರಸಭೆಯಲ್ಲಿ ಸಭೆ ಕರೆದಿದ್ದರು. ಪರಿಸರ ಕಚೇರಿಯ ಸಾಹೇಬರು ಕಂಬದ ಲೆಕ್ಕ ಓದಿದರು. ಸೆಪ್ಟೆಂಬರ್ 18ರಿಂದ ಗಾಳಿ ಪೂರ್ವದಿಂದ ಗಿರಣಿಯ ಕಡೆಗೆ ಬೀಸಿದೆ, ಆದ್ದರಿಂದ ಆ ದಿನಗಳ ಬೂದಿ ಗಿರಣಿಯದಲ್ಲ ಎಂದರು. ನಾನು ಎದ್ದು ನಿಂತು ಸೀರೆಯ ಸೆರಗು ತೋರಿಸಿ, "ಸಾಹೇಬ್ರ, ಮಾಳಪಕ್ಷದಾಗ ಮೂಡಲ ಗಾಳಿ ಬೀಸ್ತದೇನ್ರಿ? ಈ ಕರಿ ಎಲ್ಲಿಂದ ಬಂತು?" ಎಂದೆನು. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ಅವರು ಹೇಳಿದರು. "ಯಂತ್ರ ಹೇಳೂದಿಲ್ರಿ, ಅದನ್ನ ಮುಟ್ಟಿದವರು ಹೇಳಸ್ತಾರ" ಎಂದೆನು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ರೇವಣಸಿದ್ದ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದುಕೊಂಡನು.

17ರಂದು ಪರ್ವೇಜ್ ಬಂದಿದ್ದ, 18ರಿಂದ ಗಾಳಿ ತಿರುಗಿತು. ಇದರ ಮೇಲೆ ನಾನು ಅಕ್ಟೋಬರ್ 7ರಂದು ಅವನ ವಿರುದ್ಧ ದೂರು ಕೊಟ್ಟೆನು. 8ರಂದು ತಾವು ಅವನನ್ನು ಕರೆತಂದು ಕೂರಿಸಿದಿರಿ. ಗುತ್ತಿಗೆಯವರು ಅದೇ ದಿನ ಅವನನ್ನು ಕೆಲಸದಿಂದ ತೆಗೆದರೆಂದು ತಿಳಿಯಿತು.

ಆ ಸಂಜೆ ಸೊಸೆ ದಾನೇಶ್ವರಿ ಊಟ ಬಡಿಸಿ, ತಾನು ಉಣ್ಣದೆ ಅಡುಗೆ ಮನೆಯ ಬಾಗಿಲಿನಲ್ಲಿ ನಿಂತಿದ್ದಳು.

"ಅತ್ತಿ, ಆ ಹುಡುಗಂದು ತಪ್ಪಿಲ್ರಿ."

"ಮತ್ತ ಯಾರದು?"

"ಕೌದಿದ್ರಿ."

ಹುಚ್ಚು ಹಿಡಿದಿದೆಯೇ ಎಂದು ನಾನು ಗದರಿದೆನು. ಅವಳು ಅಳುತ್ತಲೇ ಹೇಳಿದಳು: "ಅಮಾಸಿ ಒಳಗ ಹನ್ನೊಂದೂ ಕೌದಿ ಒಗದು ಒಣಗಿರಬೇಕು, ನೆಲಕ್ಕ ಹಾಕಬಾರದು, ಗ್ವಾಡಿ ಮ್ಯಾಲ ಹಾಕಬಾರದು ಅಂದ್ರಿ. ಇದ್ದ ಹಗ್ಗಕ್ಕ ನಾಕೇ ಹಿಡಿದ್ವು. ಉಳಿದವಕ್ಕ ಕಂಬದ ಅಡ್ಡ ಸರಳಿಂದ ಮೆಟ್ಟಲ ಸರಳಿಗೆ ಇನ್ನೊಂದು ಹಗ್ಗ ಕಟ್ಟಿದ್ನಿ. ಹಸಿ ಕೌದಿ ಭಾರಕ್ಕ ಕಂಬ ಕಿರ್ ಅಂತು."

"ಕಟ್ಟೂ ಮುಂದ ನನ್ನ ಕೇಳಬಾರದೇನು?"

"ನಿಮ್ಮನ್ನ ಕೇಳೂ ಧೈರ್ಯ ಯಾರಿಗದರಿ ಅತ್ತಿ?"

ನಾನು ಅನ್ನದ ಮುಂದಿನಿಂದ ಎದ್ದೆನು. ಮಹಾಲಯ ಅಮಾವಾಸ್ಯೆಗೆ ಮುಂಚೆ ಮನೆಯ ಕೌದಿ, ಹಾಸಿಗೆ, ಹೊದಿಕೆಯೆಲ್ಲ ತೊಳೆಯುವುದು ನಮ್ಮ ಮನೆಯ ಪದ್ಧತಿ. 18ರಂದು ಕೀಲಿಕೈ ಬಿಚ್ಚಿ ಕೊಟ್ಟವಳೂ ನಾನೇ. ಮಂಡಿ ನೋವಿನಿಂದ ನಾನು ಮೇಲೆ ಹತ್ತಿರಲಿಲ್ಲ. ಇಂದು ಬೆಳಿಗ್ಗೆ ಕುಳಿತು ಕುಳಿತು ಹತ್ತಿ ನೋಡಿದೆನು. ಗಿರಣಿಯ ಕಡೆಗೆ ಚಾಚಿರಬೇಕಾದ ಅಡ್ಡ ಸರಳು ಪೂರ್ವಕ್ಕೆ, ಮೆಟ್ಟಿಲಿನ ಕಡೆಗೆ ತಿರುಗಿ ನಿಂತಿದೆ. ಆ ಸರಳು ತಿರುಗಿದರೆ ಯಂತ್ರಕ್ಕೆ ಪಶ್ಚಿಮದ ಗಾಳಿ ಪೂರ್ವದ್ದಾಗಿ ಕಾಣುತ್ತದೆ. ಅದರ ಮೇಲೆ ಹಗ್ಗ ಉಜ್ಜಿ ಬಣ್ಣ ಹೋದ ಗುರುತು ಇದೆ. ಗಿರಣಿಯ ಬಾಯ್ಲರ್ ಕಟ್ಟೆಯಿಂದ ನಮ್ಮ ಮಾಳಿಗೆ ಅಂಗೈಯಂತೆ ಕಾಣುತ್ತದೆ. ಕಂಬ ತಿರುಗಿದ್ದನ್ನು ನನ್ನ ಮನೆಯವರಿಗಿಂತ ಚೆನ್ನಾಗಿ ಕಂಡವನು ರೇವಣಸಿದ್ದ. ಕಂಡೂ ಹೇಳದೆ, ಹಾಗೆಯೇ ಇರಲೆಂದು ಸಿಹಿ ತಂದು ಕೊಟ್ಟನೆಂಬುದು ನನ್ನ ಬಲವಾದ ಅನುಮಾನ. ಅವನನ್ನು ವಿಚಾರಿಸಬೇಕು.

ಇದನ್ನು ಹೇಳಿದರೆ ಕಂಬದ ಲೆಕ್ಕವನ್ನೆಲ್ಲ ಗಿರಣಿಯವರು ಸುಳ್ಳೆಂದು ತಳ್ಳಿಹಾಕುತ್ತಾರೆ, ಓಣಿಯ ಅರ್ಜಿ ಬಿದ್ದುಹೋಗುತ್ತದೆ, ಸುಮ್ಮನಿರು ಎಂದು ಮಗ ಫೋನಿನಲ್ಲಿ ಹೇಳಿದನು. ನಾನು ಫೋನು ಇಟ್ಟು ಆಟೊ ಹತ್ತಿದೆನು. ಕಂಬ ತಿರುಗಿದ ದಿನ ಈಗ ಗೊತ್ತಾಗಿದೆ. ಲೆಕ್ಕ ಸರಿಪಡಿಸಲು ಬರುತ್ತದೋ ಇಲ್ಲವೋ ಎಂಬುದನ್ನು ಕಚೇರಿಯವರು ಮಾಳಿಗೆ ಹತ್ತಿ ಬಂದು ನೋಡಿ ಹೇಳಲಿ.

ಪರ್ವೇಜನ ಮೇಲೆ ನನಗೆ ಯಾವ ಅನುಮಾನವೂ ಇಲ್ಲ ಎಂದು ಬರೆಯಬಾರದು. ಗಿರಣಿಯ ಗೇಟಿನ ಮುಂದೆ ಯಾಕೆ ನಿಂತಿದ್ದ ಎಂಬುದಕ್ಕೆ ಅವನು ನನಗೆ ಉತ್ತರ ಕೊಡಬೇಕು. ಆದರೆ ಕಂಬ ತಿರುಗಿಸಿದವನು ಅವನಲ್ಲ. 7ನೇ ತಾರೀಖಿನ ನನ್ನ ದೂರನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಇದರ ಒಂದು ಪ್ರತಿಯನ್ನು ಅವನ ಗುತ್ತಿಗೆಯವರಿಗೆ ಕಳುಹಿಸಬೇಕು. ಅವನನ್ನು ಬಿಡುವವರೆಗೆ ನಾನು ಹೊರಗಿನ ಬೆಂಚಿನ ಮೇಲೆ, ಮಗನಿಗಾಗಿ ಕಾಯುತ್ತಿರುವ ಅವನ ತಾಯಿಯ ಪಕ್ಕದಲ್ಲಿ ಕುಳಿತಿರುತ್ತೇನೆ.

ಇದನ್ನು ಓದಿ ಹೇಳಿದ್ದನ್ನು ಕೇಳಿ, ನಾನೂ ಸ್ವತಃ ಓದಿ ನೋಡಿ, ನಾನು ಹೇಳಿದಂತೆಯೇ ಇದೆ ಎಂದು ಖಚಿತವಾದ ಮೇಲೆ ಸಹಿ ಹಾಕಿದ್ದೇನೆ.

ಸ್ಥಳ: ಮಾನ್ವಿ
ದಿನಾಂಕ: 09-10-2025
(ಸಹಿ) ಗೋಪಮ್ಮ